ಇಲ್ಲ, ನಿಮ್ಮ ಮಾವನವರು ಎರಡು ವರ್ಷದ ಕೂಸಲ್ಲ

“ಅಕ್ಕಾರ, ನಿಮಗೇನ್ ಬಿಡ್ರಿ, ದಿನಾ ಸಣ್ಣ ಹುಡುಗರನ್ನ ಸಂಭಾಳಿಸ್ತೀರಿ. ನಮ್ಮ ಮಾವಾರನ್ನ ಹೆಂಗ ಸಂಭಾಳಿಸಬೇಕು ಹೇಳ್ರಿ. ಅವರೂ ಎರಡು ವರ್ಷದ ಕೂಸಿನ ಹಂಗs ಆಗ್ಯಾರ.”

ಬಾಗಲಕೋಟೆಯ ನವನಗರದಲ್ಲಿ ಬಾಲವಾಡಿ ನಡೆಸುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮಾವನವರ ಜಾಗದಲ್ಲಿ ಒಮ್ಮೆ ಆಫೀಸಿನ ಸಾಹೇಬರು ಇರುತ್ತಾರೆ, ಒಮ್ಮೆ ಅತ್ತೆ, ಒಮ್ಮೆ ಗಂಡ. ಕೇಳುವವರು ನಗುತ್ತಾ ಕೇಳುತ್ತಾರೆ. ನನಗೆ ನಗು ಬರುವುದಿಲ್ಲ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹಟ ಮಾಡುವ ದೊಡ್ಡವರೂ ಕೂಸೂ ಒಂದೇ ಅಲ್ಲ. ಹಾಗೆ ಹೋಲಿಸುವುದು ಕೂಸಿಗೆ ಮಾಡುವ ಅನ್ಯಾಯ.

ಮೇಲ್ನೋಟಕ್ಕೆ ಹೋಲಿಕೆ ಇದೆ, ಒಪ್ಪುತ್ತೇನೆ. ಹಸಿವಾದರೆ ಇಬ್ಬರಿಗೂ ಸಿಟ್ಟು. ನಿದ್ದೆ ಕೆಟ್ಟರೆ ಇಬ್ಬರದೂ ಹಟ. 1931ರಲ್ಲಿ ಅಮೆರಿಕದ ಮನೋವಿಜ್ಞಾನಿ ಫ್ಲಾರೆನ್ಸ್ ಗುಡ್‌ಇನಫ್ ಸಣ್ಣ ಮಕ್ಕಳ ಸಿಟ್ಟಿನ ಲೆಕ್ಕ ಪ್ರಕಟಿಸಿದರು. ಮಕ್ಕಳು ಯಾವಾಗ ರಂಪ ಮಾಡಿದರು ಅಂತ ಹೆತ್ತವರೇ ಮನೆಯಲ್ಲಿ ಬರೆದಿಟ್ಟಿದ್ದರು. ಊಟಕ್ಕೆ ಮುಂಚೆ ಮತ್ತು ಮಲಗುವ ಹೊತ್ತು ಹತ್ತಿರವಾದಾಗ ರಂಪ ಜಾಸ್ತಿ ಅಂತ ಅದರಲ್ಲಿ ಕಂಡಿತು. ದೊಡ್ಡವರ ಲೆಕ್ಕ ಬರೆದಿಟ್ಟರೂ ಬಹುಶಃ ಇದೇ ಕಾಣುತ್ತದೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ನಮ್ಮ ಸಂಬಂಧಿಕರ ಮದುವೆಯೊಂದರಲ್ಲಿ ಕಂಡದ್ದು ಹೇಳುತ್ತೇನೆ. ಅಕ್ಕಿಕಾಳು ಬೀಳುವುದು ತಡವಾಗಿತ್ತು. ಊಟದ ಪಂಕ್ತಿಯಲ್ಲಿ ನನ್ನೆದುರು ಗಂಡಿನ ಕಡೆಯ ಒಬ್ಬ ಕಾಕಾ ಕೂತಿದ್ದರು. ಲಗ್ನಪತ್ರಿಕೆಯಲ್ಲಿ ಅವರ ಹೆಸರು ಕೆಳಗಿನ ಸಾಲಿನಲ್ಲಿ ಬಂದಿತ್ತಂತೆ. ಹುಗ್ಗಿ ಬಡಿಸಲು ಬಂದಾಗ ಶುರುವಾಯಿತು. “ಊರು ಮುಳುಗಿದ್ರ ಮನೆತನಾನೂ ಮುಳುಗೇತೇನ? ನನ್ನ ಹೆಸರಿಗೆ ಕಿಮ್ಮತ್ತಿಲ್ಲಂದ್ರ ನನಗ್ಯಾಕ ಊಟ?” ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟು ಬಂದವರ ನೋವು ನನಗೂ ಗೊತ್ತು, ಆ ಮಾತು ನನಗೂ ತಾಗಿತು. ಆದರೆ ನಾನು ಅವರ ಕೈ ನೋಡುತ್ತಿದ್ದೆ. ಮೊದಲು ಕನ್ನಡಕ ತೆಗೆದು ಕಿಸೆಗೆ ಹಾಕಿದರು. ತಾಟಿನ ಪಕ್ಕದಲ್ಲಿದ್ದ ಮೊಬೈಲ್ ಎತ್ತಿ ಇನ್ನೊಂದು ಕಿಸೆಗೆ ಹಾಕಿದರು. ಬೀಗರು ಈ ಕಡೆ ನೋಡುತ್ತಿದ್ದಾರಾ ಅಂತ ಕತ್ತು ತಿರುಗಿಸಿ ನೋಡಿದರು. ಆಮೇಲೆ ತಾಟು ನೂಕಿದರು.

ಯಾವ ಎರಡು ವರ್ಷದ ಕೂಸು ಮೊಬೈಲ್ ಎತ್ತಿಟ್ಟು ಹಟ ಮಾಡುತ್ತದೆ ಹೇಳಿ?

ಅದೇ ಪಂಕ್ತಿಯಲ್ಲಿ ಒಂದು ಪುಟ್ಟ ಹುಡುಗಿಯೂ ಅಳುತ್ತಿದ್ದಳು. ಅವಳ ಹಪ್ಪಳ ಮುರಿದಿತ್ತು. “ಕೂಡ್ಸು, ಕೂಡ್ಸು” ಅಂತ ಒಂದೇ ಮಾತು. ಬೇರೆ ಹಪ್ಪಳ ಕೊಟ್ಟರೂ ಬೇಡ, ಅದೇ ಕೂಡಬೇಕು. ಕೈ ಬೀಸಿದಾಗ ನೀರಿನ ಲೋಟ ಅವಳ ಲಂಗದ ಮೇಲೇ ಬಿತ್ತು. ತಾಯಿ ಬೆನ್ನಿಗೆ ಒಂದು ಏಟು ಹಾಕಿದಳು. ಆ ಹೊತ್ತಿಗೆ ಕಾಕಾನ ತಾಟಿನಿಂದ ಹಾರಿದ ಸ್ಟೀಲ್ ಲೋಟ ಉರುಳಿಕೊಂಡು ಅವಳ ಹತ್ತಿರ ಬಂತು. ಬಿಕ್ಕುತ್ತಲೇ ಎದ್ದಳು. ಲೋಟ ಎತ್ತಿಕೊಂಡು ಹೋಗಿ ಕಾಕಾನ ಮುಂದೆ ಹಿಡಿದಳು.

ನನಗೆ ಆಶ್ಚರ್ಯ ಆಗಲಿಲ್ಲ. ಈ ವಯಸ್ಸಿನವರು ಹೀಗೇ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್, ಮೈಕಲ್ ಟೊಮಸೆಲ್ಲೊ ಎಂಬ ಇಬ್ಬರು ಜರ್ಮನಿಯಲ್ಲಿ ಮಾಡಿದ ಪ್ರಯೋಗ ಪ್ರಕಟವಾಯಿತು. ಒಂದೂವರೆ ವರ್ಷದ ಮಕ್ಕಳ ಮುಂದೆ ಬಟ್ಟೆ ಒಣಹಾಕುವವರ ಕೈಯಿಂದ ಕ್ಲಿಪ್ ಬೀಳುತ್ತದೆ, ಅವರ ಕೈಗೆ ಎಟುಕುವುದಿಲ್ಲ. ಇಂಥ ಬೇರೆ ಬೇರೆ ಸಂದರ್ಭಗಳಲ್ಲಿ 24 ಮಕ್ಕಳ ಪೈಕಿ 22 ಮಕ್ಕಳು ಒಮ್ಮೆಯಾದರೂ ನೆರವಿಗೆ ಬಂದರು. ಶಭಾಷ್ ಅನ್ನುವವರು ಯಾರೂ ಇರಲಿಲ್ಲ, ಚಾಕಲೇಟೂ ಇರಲಿಲ್ಲ.

ಕೂಸಿಗೆ ಹಟ ಒಂದು ಉಪಾಯ ಅಲ್ಲ. ಸಿಟ್ಟು ತಡೆದುಕೊಳ್ಳುವ ಕೆಲಸ ಮಿದುಳಿನ ಮುಂಭಾಗದ್ದು. ಅದು ಪೂರ್ತಿ ಬಲಿಯುವುದಕ್ಕೆ ಇಪ್ಪತ್ತೈದರ ಆಸುಪಾಸು ಆಗುತ್ತದೆ. ಎರಡು ವರ್ಷಕ್ಕೆ ಬೇಕು ಬೇಡ ಎಲ್ಲ ಗೊತ್ತಾಗುತ್ತದೆ, ಹೇಳೋಕೆ ಮಾತು ಸಾಲುವುದಿಲ್ಲ. ಆ ಹುಡುಗಿಗೆ ಸಿಕ್ಕ ಮಾತು ‘ಕೂಡ್ಸು’ ಒಂದೇ. ಕಾಕಾನಿಗೆ ಮಾತಿಗೇನು ಬರವಿತ್ತೇ? ಮರೆವಿನ ಕಾಯಿಲೆ ಬಂದ ಹಿರಿಯರ ವಿಷಯ ಬೇರೆ. ಅವರದು ನಿಜವಾಗಿಯೂ ಮಿದುಳಿನ ತೊಂದರೆ, ಅವರನ್ನು ಡಾಕ್ಟರಿಗೆ ತೋರಿಸಿ. ನಾನು ಹೇಳುತ್ತಿರುವುದು ಗಟ್ಟಿಮುಟ್ಟಾಗಿದ್ದು ತಾಟು ನೂಕುವವರ ಬಗ್ಗೆ.

ಆ ಮದುವೆಯಲ್ಲಿ ಆಮೇಲೆ ಏನಾಯಿತು ಅಂದರೆ, ಮದುಮಗಳ ತಾಯಿ, ಬೆಳಗಿನಿಂದ ಒಂದು ತುತ್ತು ಉಣ್ಣದವರು, ಬಂದು ಕಾಕಾನ ಕಾಲು ಮುಟ್ಟಿದರು. “ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ” ಅಂದರು. ಹೊಸ ತಾಟು ಬಂತು, ಹೆಚ್ಚಿಗೆ ತುಪ್ಪ ಬಂತು.

ಒಂದೇ ಪಂಕ್ತಿ, ಎರಡು ಹಟ. ತಡೆದುಕೊಳ್ಳಲು ಆಗದವಳಿಗೆ ಏಟು, ಆಗುವವರಿಗೆ ತುಪ್ಪ. ಇದು ಯಾಕೆ ಹೀಗೆ ಅಂತ ನನ್ನನ್ನು ಒಬ್ಬರಾದರೂ ಕೇಳಬೇಕಿತ್ತು. ಯಾರೂ ಕೇಳುವುದಿಲ್ಲ. ‘ಸಣ್ಣ ಕೂಸಿನ ಹಂಗ’ ಅಂದುಬಿಟ್ಟರೆ ಮುಗಿಯಿತು, ಕಾಕಾನಿಗೆ ಮಾಫಿ. ಇಂಥವರನ್ನು ರಮಿಸಲು ಓಡಾಡುವುದು ಯಾವಾಗಲೂ ಮನೆಯ ಹೆಂಗಸರೇ, ಅಲ್ವಾ?

ಹಾಗಾಗಿ ಮಾವನವರ ವಿಷಯಕ್ಕೆ ನನ್ನ ಹತ್ತಿರ ಬಾಲವಾಡಿ ಮದ್ದಿಲ್ಲ. ಅವರು ದೊಡ್ಡವರು. ಊಟ ಆದ ಮೇಲೆ, ಸಿಟ್ಟು ಇಳಿದ ಮೇಲೆ, ಎದುರು ಕೂತು ದೊಡ್ಡವರ ಹತ್ತಿರ ಮಾತಾಡುವ ಹಾಗೆ ಮಾತಾಡಿ. ನೀವೊಬ್ಬರೇ ಕೂರಬೇಡಿ, ಅವರ ಮಗನನ್ನೂ ಕೂರಿಸಿಕೊಳ್ಳಿ.

ಕೂಸಿನ ಹಟದ ಬಗ್ಗೆ ಕೇಳುವುದಿದ್ದರೆ ಧಾರಾಳವಾಗಿ ಬನ್ನಿ, ಎಷ್ಟು ಹೊತ್ತಾದರೂ ಕೂತು ಮಾತಾಡೋಣ. ಬರುವಾಗ ಒಂದು ಚೀಟಿ ತನ್ನಿ. ಎಷ್ಟು ಹೊತ್ತಿಗೆ ಉಂಡಿತು, ಎಷ್ಟು ಹೊತ್ತಿಗೆ ಮಲಗಿತು, ಅಳು ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನಾಗಿತ್ತು. ಇಷ್ಟು ಬರೆದಿದ್ದರೆ ಸಾಕು.