ವೈಜಾಗಲ್ಲಿ ಟಿಯು-142 ವಿಮಾನ ನೋಡೋಕೆ ಹೋಗ್ತೀರಾ? ಮೊದಲು ಎದುರುಗಡೆ ಸಬ್‌ಮರೀನ್ ಹೊಕ್ಕು ಬನ್ನಿ

ಡಿಸೆಂಬರ್ ರಜೆಲಿ ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಜೊತೆಗೆ ಚಿಕ್ಕಪ್ಪ, ನಾಲ್ಕೂ ಜನ ಬೆಂಗಳೂರಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದ್ವಿ. ಮಧ್ಯಾಹ್ನ ಹತ್ತಿದ್ರೆ ಮರುದಿನ ಬೆಳಿಗ್ಗೆ ವಿಶಾಖಪಟ್ಟಣ. ಊಟ ಮನೆಯಿಂದನೇ ಕಟ್ಕೊಂಡು ಹೋಗಿ, ಚಪಾತಿ ಚಟ್ನಿಪುಡಿ ಇದ್ರೆ ಸಾಕು. ರಜೆ ಟೈಮಲ್ಲಿ ಟಿಕೆಟ್ ಸಿಗೋದು ಕಷ್ಟ, ಎರಡು ತಿಂಗಳು ಮುಂಚೆನೇ ಮಾಡಿಸ್ಕೊಳ್ಳಿ.

ನಾವು ಮಾಡಿದ ತಪ್ಪು ಮೊದಲೇ ಹೇಳ್ಬಿಡ್ತೀನಿ. ರೂಮಿಗೆ ಬ್ಯಾಗ್ ಎಸೆದು ಸ್ನಾನ ಮಾಡಿ ಹತ್ತೂವರೆಗೆಲ್ಲ ಆರ್‌ಕೆ ಬೀಚ್ ಹತ್ರ ನಿಂತಿದ್ವಿ, ಮ್ಯೂಸಿಯಂ ಗೇಟಿಗೆ ಬೀಗ. ವಾರದ ದಿನ ತೆಗೆಯೋದು ಮಧ್ಯಾಹ್ನ ಎರಡಕ್ಕಂತೆ, ರಾತ್ರಿ ಎಂಟೂವರೆ ತನಕ ಇರುತ್ತೆ, ಭಾನುವಾರ ಮಾತ್ರ ಬೆಳಿಗ್ಗೆನೂ ಸ್ವಲ್ಪ ಹೊತ್ತು ತೆಗೀತಾರೆ, ಸೋಮವಾರ ರಜೆ. ನಾವು ಹೋದಾಗಿನ ಲೆಕ್ಕ ಇದು, ಬದಲಾಗಿರಬಹುದು, ಹಿಂದಿನ ದಿನ ಒಂದ್ಸಲ ವಿಚಾರಿಸ್ಕೊಳ್ಳಿ. ಡಿಸೆಂಬರಲ್ಲೂ ಅಲ್ಲಿ ಬಿಸಿಲು ಚೆನ್ನಾಗೇ ಹೊಡೆಯುತ್ತೆ, ಟೋಪಿ ಇಲ್ದೆ ಹೋಗಬೇಡಿ.

ಈಗ ಮುಖ್ಯ ವಿಷಯ. ರಸ್ತೆ ಈ ಕಡೆ ವಿಮಾನ, ಆ ಕಡೆ ಮರಳ ಮೇಲೆ ಐಎನ್‌ಎಸ್ ಕುರ್ಸುರಾ ಅನ್ನೋ ನಿಜವಾದ ಸಬ್‌ಮರೀನ್. ಎಲ್ಲರೂ ವಿಮಾನದ ಸೈಜ್ ನೋಡಿ ಸೀದಾ ಅದಕ್ಕೇ ನುಗ್ತಾರೆ, ಫೋಟೋ ತೆಗೀತಾರೆ, ಇಪ್ಪತ್ತು ನಿಮಿಷದಲ್ಲಿ ಆಚೆ ಬಂದು "ಅಷ್ಟೇನಾ" ಅಂತಾರೆ. ಆ ವಿಮಾನ ಇದ್ದಿದ್ದೇ ಸಬ್‌ಮರೀನ್ ಹುಡುಕೋಕೆ ಸ್ವಾಮಿ, ಹುಡುಕ್ತಾ ಇದ್ದಿದ್ದು ಎಂಥದ್ದನ್ನ ಅಂತ ಗೊತ್ತಿಲ್ದೆ ಒಳಗೆ ಹೋದ್ರೆ ಬರೀ ಸ್ವಿಚ್ಚು ಸೀಟು ಕಾಣುತ್ತೆ. ಹಾಗಾಗಿ ಮೊದಲು ಕುರ್ಸುರಾ.

ಕುರ್ಸುರಾ 1969ರಲ್ಲಿ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿ ಆಗಿದ್ದು, ಉದ್ದ 91 ಮೀಟರ್, ಸೋವಿಯತ್ ಮೇಕ್. ನೇವಿಲಿದ್ದು ರಿಟೈರ್ ಆದವರೇ ಒಳಗೆ ಗೈಡ್. ಒಂದು ಕಂಪಾರ್ಟ್‌ಮೆಂಟಿಂದ ಇನ್ನೊಂದಕ್ಕೆ ಹೋಗೋ ಬಾಗಿಲು ದುಂಡಗೆ ತೂತಿನ ಥರ ಇರುತ್ತೆ, ಕಾಲೆತ್ತಿ ಬಗ್ಗಿ ದಾಟಬೇಕು, ಮಂಡಿನೋವು ಇರೋರಿಗೆ ಬೇಡವೇ ಬೇಡ, ಚಿಕ್ಕಪ್ಪ ಎರಡನೇ ಬಾಗಿಲಿಗೇ "ನೀವು ಹೋಗ್ಬನ್ರಪ್ಪ, ನಾನು ಕಡ್ಲೆಕಾಯಿ ತಿಂತಾ ಕೂತಿರ್ತೀನಿ" ಅಂತ ವಾಪಸ್ ಹೋದ್ರು. ಅಲ್ಲಿ ಡೀಸೆಲ್ ಎಂಜಿನ್ ಇರೋ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ನೀರೊಳಗೆ ಅದು ಓಡೋದು ಬ್ಯಾಟರಿ ಮೇಲೆ, ಬ್ಯಾಟರಿ ಚಾರ್ಜ್ ಆಗ್ಬೇಕಂದ್ರೆ ಡೀಸೆಲ್ ಎಂಜಿನ್ ಓಡ್ಬೇಕು, ಎಂಜಿನ್ ಓಡೋಕೆ ಗಾಳಿ ಬೇಕು, ಗಾಳಿಗೆ ಮೇಲಕ್ಕೆ ಬಂದು ಕೊಳವೆ ಹೊರಗೆ ಹಾಕ್ಲೇಬೇಕು. ಮೇಲಿಂದ ವಿಮಾನ ಕಾಯ್ತಾ ಇರೋದು ಇದೇ ಹೊತ್ತಿಗೆ. ಇದಿಷ್ಟು ತಲೆಲಿಟ್ಕೊಂಡು ರಸ್ತೆ ದಾಟಿ. (ದಾಟುವಾಗ ಹುಷಾರು, ಬೈಕುಗಳು ಬರೋ ಸ್ಪೀಡ್ ನೋಡಿದ್ರೆ ಭಯ ಆಗುತ್ತೆ.)

ವಿಮಾನ ಟುಪೊಲೆವ್ ಟಿಯು-142ಎಂ. ಸೋವಿಯತ್ ಬಾಂಬರ್ ಟಿಯು-95 ಇದೆಯಲ್ಲ, ಅದನ್ನೇ ಸಮುದ್ರದ ಕೆಲಸಕ್ಕೆ ಮಾರ್ಪಾಡು ಮಾಡಿದ್ದು. ನಮ್ಮ ನೌಕಾಪಡೆ 1988ರಲ್ಲಿ ಎಂಟು ತಗೊಳ್ತು, ಮೊದಲು ಗೋವಾದಲ್ಲಿತ್ತು, 1992ರಲ್ಲಿ ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಳಿ ನೆಲೆಗೆ ಶಿಫ್ಟ್ ಆಯ್ತು. ಬಂದ ವರ್ಷವೇ ಮಾಲ್ಡೀವ್ಸ್‌ನ ದಂಗೆ ಅಡಗಿಸೋಕೆ ನಡೆದ ಆಪರೇಷನ್ ಕ್ಯಾಕ್ಟಸಲ್ಲಿ ಹಾರಿದೆ, ಆಮೇಲೆ ಎಷ್ಟೋ ವರ್ಷ ಕಳ್ದು ಕಡಲ್ಗಳ್ಳರನ್ನ ಕಾಯೋ ಕೆಲಸಾನೂ ಮಾಡಿದೆ. 29 ವರ್ಷದಲ್ಲಿ 30,000 ಗಂಟೆ ಹಾರಾಟ, ಒಂದೂ ಅಪಘಾತ ಇಲ್ಲ. 2017ರ ಮಾರ್ಚ್ 29ಕ್ಕೆ ಬೀಳ್ಕೊಡುಗೆ, ಜಾಗಕ್ಕೆ ಬಂದಿದ್ದು ಬೋಯಿಂಗ್ ಪಿ-8ಐ. ಇಲ್ಲಿರೋ ವಿಮಾನ ಏಪ್ರಿಲಲ್ಲಿ ತಾನೇ ಹಾರ್ಕೊಂಡು ವೈಜಾಗಿಗೆ ಬಂತು, ಆಮೇಲೆ ಬಿಚ್ಚಿ, ಬೀಚಿಗೆ ತಂದು ಮತ್ತೆ ಜೋಡ್ಸಿದ್ದಾರೆ. ಅದೇ ಡಿಸೆಂಬರಲ್ಲಿ ಆಗಿನ ರಾಷ್ಟ್ರಪತಿ ಕೋವಿಂದ್ ಉದ್ಘಾಟನೆ ಮಾಡಿದ್ರು.

ಮೊದಲು ಒಂದು ಹಾಲ್ ಬರುತ್ತೆ, ಅಲ್ಲಿ ಓಡಬೇಡಿ. ಸೋನೋಬಾಯ್ ಅಂತ ದಪ್ಪ ಪೈಪ್ ತುಂಡಿನ ಥರ ಒಂದು ವಸ್ತು ಇಟ್ಟಿದ್ದಾರೆ, ಜನ ಅದನ್ನ ನೋಡ್ದೆ ಮುಂದೆ ಹೋಗ್ತಾರೆ, ಆದ್ರೆ ವಿಮಾನದ ಅಸಲಿ ಕಿವಿ ಅದೇ. ಮೇಲಿಂದ ಇದನ್ನ ಸಮುದ್ರಕ್ಕೆ ಉದುರಿಸ್ತಾರೆ, ಅದು ತೇಲ್ತಾ ನಿಂತು, ಬೋರ್‌ವೆಲ್ಲಿಗೆ ಮೋಟ್ರು ಇಳಿಸ್ದಂಗೆ ವೈರಲ್ಲಿ ಮೈಕ್ ಕೆಳಗೆ ಇಳಿಸುತ್ತೆ, ಕೇಳಿದ ಸದ್ದನ್ನ ರೇಡಿಯೋಲಿ ಮೇಲಕ್ಕೆ ಕಳಿಸುತ್ತೆ. ಅಂಥವು ಸಾಲಾಗಿ ಹಾಕಿದ್ರೆ ಸಬ್‌ಮರೀನ್ ಯಾವ ದಿಕ್ಕಿಗೆ ಹೋಗ್ತಿದೆ ಅಂತ ಗೊತ್ತಾಗುತ್ತೆ. ಬಾಲದ ತುದಿಲಿ ಹಿಂದಕ್ಕೆ ಚಾಚಿರೋ ಮೂತಿ ಇದೆ ನೋಡಿ, ಅಷ್ಟು ಕಬ್ಬಿಣ ನೀರಲ್ಲಿದ್ರೆ ಭೂಮಿಯ ಅಯಸ್ಕಾಂತ ಅಲ್ಲಿ ಸ್ವಲ್ಪ ಏರುಪೇರಾಗುತ್ತಲ್ಲ, ಅದನ್ನ ಹಿಡಿಯೋಕೆ ಅದು. ಹತ್ರ ಇದ್ರೇನೇ ಸಿಗೋದು, ಹಾಗಾಗಿ ಇಷ್ಟು ದೊಡ್ಡ ವಿಮಾನನ ಸಮುದ್ರದ ಮೇಲೆ ತೀರಾ ಕೆಳಗೆ ಹಾರಿಸ್ಬೇಕು.

ನನಗೆ ಇಡೀ ಟ್ರಿಪ್ಪಲ್ಲಿ ಕಣ್ಣಲ್ಲಿ ನಿಂತಿದ್ದು ಪ್ರೊಪೆಲ್ಲರ್. ಮಗ ಒಂದು ಎಂಜಿನ್ ಕೆಳಗೆ ನಿಂತು ಬೆರಳಲ್ಲಿ ಎಣಿಸಿ "ಅಪ್ಪಾ, ಎಂಟಿದೆ, ಹಿಂದಿಂದು ಉಲ್ಟಾ ಹಾಕ್ಬಿಟ್ಟಿದ್ದಾರೆ" ಅಂದ. ಉಲ್ಟಾ ಹಾಕಿಲ್ಲ ಕಂದ, ಮುಂದಿನ ನಾಲ್ಕು ಒಂದು ಕಡೆ ತಿರುಗಿದ್ರೆ ಹಿಂದಿನ ನಾಲ್ಕು ಅದಕ್ಕೆ ವಿರುದ್ಧ. ಒಂದೊಂದು ಎಂಜಿನ್ನೂ ಹತ್ರ ಹತ್ರ 15,000 ಹಾರ್ಸ್‌ಪವರ್, ಅಷ್ಟು ಶಕ್ತಿನ ಒಂದೇ ಫ್ಯಾನಿಗೆ ಕೊಟ್ರೆ ಫ್ಯಾನು ಭಾರಿ ದೊಡ್ಡದಾಗ್ಬೇಕಿತ್ತು. ಮುಂದಿನ ಸಾಲು ಗಾಳಿನ ತಿರುಚಿ ತಳ್ಳುತ್ತೆ, ಹಿಂದಿನ ಸಾಲು ಆ ತಿರುಚು ಬಿಡಿಸಿ ಅದರಿಂದಲೂ ಕೆಲಸ ತೆಗೆಯುತ್ತೆ. ನಾಲ್ಕು ಎಂಜಿನ್ನಿಗೆ ಒಟ್ಟು 32 ಬ್ಲೇಡು. ಚಿಕ್ಕಪ್ಪ ಕಡ್ಲೆಕಾಯಿ ಪೊಟ್ಟಣ ಹಿಡ್ಕೊಂಡೇ ಅದರ ಕೆಳಗೆ ಹತ್ತು ನಿಮಿಷ ನಿಂತಿದ್ರು, ಮಾತೇ ಇಲ್ಲ.

ಒಳಗೆ ನಿರೀಕ್ಷೆ ಜಾಸ್ತಿ ಇಟ್ಕೋಬೇಡಿ. ಹೊರಗೆ 50 ಮೀಟರ್ ರೆಕ್ಕೆ ನೋಡಿ ಒಳಗೂ ವಿಶಾಲ ಅಂದ್ಕೊಂಡ್ರೆ ಮೋಸ, ಹತ್ತು ಹನ್ನೊಂದು ಜನ ಇಷ್ಟು ಇಕ್ಕಟ್ಟಲ್ಲಿ ಅಷ್ಟು ಹೊತ್ತು ಹೇಗಿರ್ತಿದ್ರೋ. ರಶ್ ಇದ್ರೆ ಹಿಂದಿನವರು ತಳ್ತಾ ಇರ್ತಾರೆ, ಅದಕ್ಕೆ ಎರಡಕ್ಕೆ ಗೇಟ್ ತೆಗೆದ ತಕ್ಷಣ ಕುರ್ಸುರಾ ಮುಗ್ಸಿ, ಮೂರೂವರೆ ಒಳಗೆ ವಿಮಾನಕ್ಕೆ ಬಂದ್ಬಿಡಿ. ಸಂಜೆ ಆದ್ಮೇಲೆ ಇಡೀ ಊರೇ ಬೀಚಿಗೆ ಬರುತ್ತೆ.

ಮುಗಿದ್ಮೇಲೆ ಮುಂತಾ ಮಸಾಲಾ ತಿನ್ನಿ, ನಮ್ಮ ಚುರುಮುರಿಯ ತೆಲುಗು ನೆಂಟ ಅನ್ಬಹುದು, ಖಾರ ಮೊದಲೇ ಕಮ್ಮಿ ಹೇಳಿ. ನೀರಿಗೆ ಮಾತ್ರ ಇಳೀಬೇಡಿ, ಅಲ್ಲಿ ಸೆಳೆತ ಜಾಸ್ತಿ, ಕಾಲು ನೆನೆಸಿದ್ರೆ ಸಾಕು. ಡಿಸೆಂಬರ್ 4ರ ನೌಕಾದಿನಕ್ಕೆ ಅಂತ ಪ್ಲಾನ್ ಮಾಡೋರು ಕೇಳಿ, ದೊಡ್ಡ ಪ್ರದರ್ಶನ ಪ್ರತಿ ವರ್ಷ ಇಲ್ಲೇ ಇರಲ್ಲ, 2023ರಲ್ಲಿ ಸಿಂಧುದುರ್ಗ, 2024ರಲ್ಲಿ ಪುರಿಲಿ ಆಯ್ತು. ಆ ವರ್ಷ ಎಲ್ಲಿ ಅಂತ ನೋಡಿ ಟಿಕೆಟ್ ಮಾಡಿಸಿ.

ಅಷ್ಟು ದೂರ ಆಗಲ್ಲ ಅನ್ನೋರಿಗೆ ನಮ್ಮ ಕಾರವಾರದಲ್ಲೇ ಇದೇ ಜಾತಿದು ಇನ್ನೊಂದಿದೆ, ಅರಕ್ಕೋಣಂನಿಂದ ಬಿಚ್ಚಿ ಲಾರಿಲಿ ತಂದು ಟಾಗೋರ್ ಬೀಚಲ್ಲಿ ಚಾಪೆಲ್ ಯುದ್ಧನೌಕೆ ಪಕ್ಕ ನಿಲ್ಲಿಸಿದ್ದಾರೆ. ಬೆಂಗಳೂರಿಂದ ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಅಲ್ಲಿ. ಸಬ್‌ಮರೀನ್ ಇಲ್ಲ, ಅದೊಂದೇ ಕೊರತೆ. ಮಗ ಆಗ್ಲೇ ಬೇಸಿಗೆ ರಜೆಗೆ ಕಾರವಾರ ಅಂತಿದ್ದಾನೆ, ಅಲ್ಲೂ 32 ಇದೆಯಾ ಅಂತ ಎಣಿಸ್ಬೇಕಂತೆ.