ಮಣ್ಣು ಮುಚ್ಚಿದ ಬೆಂಕಿ

ವಿಜಯಪುರ, ಸೊಲ್ಲಾಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ನಮ್ಮಂಥವರಿಗೆ ಜನವರಿ ತಿಂಗಳೆಂದರೆ ಸೀತನಿಯ ತಿಂಗಳು. ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಶೇಂಗಾ ಚಟ್ನಿ ಮತ್ತು ಬೆಲ್ಲದೊಂದಿಗೆ ತಿನ್ನುವ ಆ ರುಚಿಗಾಗಿ ಊರಿಗೆ ಹೋಗಲು ಆಗದವರು ಇಲ್ಲಿಯೇ ಯಾರದಾದರೂ ಹೊಲದಲ್ಲಿ ಸೇರುತ್ತೇವೆ. ಮರಾಠಿಯವರು ಇದನ್ನು ಹುರಡಾ ಎನ್ನುತ್ತಾರೆ, ಸುಡುವುದಕ್ಕೆ ನೆಲದಲ್ಲಿ ತೋಡಿದ ಕುಣಿಯನ್ನು ಆಗಟಿ ಎನ್ನುತ್ತಾರೆ. ತೆನೆ ಮುಗಿದ ಮೇಲೆ ಅದೇ ಕುಣಿಗೆ ನಾಲ್ಕು ಜಾಲಿಯ ಕೊರಡು ಹಾಕಿದರೆ ಅದು ಶೇಕೋಟಿಯಾಗುತ್ತದೆ, ಸುತ್ತಲೂ ಕುರ್ಚಿ ಹಾಕಿಕೊಂಡು ಮಧ್ಯರಾತ್ರಿಯವರೆಗೆ ಮಾತು ನಡೆಯುತ್ತದೆ.

ಮೂರು ವರ್ಷಗಳ ಹಿಂದೆ ಪೌಡ್ ರಸ್ತೆಯಾಚೆ ಮುಳಶಿ ತಾಲೂಕಿನಲ್ಲಿರುವ ನನ್ನ ಅಣ್ಣನ ಮಗನ ಮನೆಯ ಹಿತ್ತಲಿನಲ್ಲಿ ನಡೆದದ್ದೂ ಇದೇ. ರಾತ್ರಿ ಹನ್ನೊಂದರ ಹೊತ್ತಿಗೆ ಎಲ್ಲರೂ ಏಳುವಾಗ ಅವನು "ಕಾಕಾ, ಇದಕ್ಕ ನೀರ ಹಾಕೂಣೇನು?" ಎಂದು ಕೇಳಿದ. "ಬ್ಯಾಡೋ, ಎಲ್ಲಾ ರಾಡಿ ಆಗ್ತದ, ಮಣ್ಣ ಮುಚ್ಚಿದ್ರ ಸಾಕು" ಎಂದು ಹೇಳಿ, ಸಲಿಕೆ ತೆಗೆದುಕೊಂಡು ಕುಣಿಯ ತುಂಬ ಮಣ್ಣು ಎಳೆದವನು ನಾನೇ. ಕಿಡಿ ಹಾರಬಾರದು, ಗಾಳಿಗೆ ಬೆಂಕಿ ಮತ್ತೆ ಹೊತ್ತಬಾರದು ಎಂಬ ಎಚ್ಚರಿಕೆಯಿಂದಲೇ ಹಾಗೆ ಮಾಡಿದೆ.

ಮರುದಿನ ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಅವನ ಎರಡು ವರ್ಷದ ಮಗಳು ಬರಿಗಾಲಲ್ಲಿ ಹಿತ್ತಲಿಗೆ ಓಡಿದಳು. ಹೊಗೆಯಿಲ್ಲದ, ಕೆಂಪಿಲ್ಲದ, ಅಂಗಳದ ನೆಲದಂತೆಯೇ ಕಾಣುತ್ತಿದ್ದ ಆ ಜಾಗದ ಮೇಲೆ ಅವಳು ಕಾಲಿಟ್ಟಳು. ಸಡಿಲ ಮಣ್ಣು ಕುಸಿದು, ಎರಡೂ ಅಂಗೈ ಊರಿ ಮುಂದಕ್ಕೆ ಬಿದ್ದಳು. ದೊಡ್ಡವರಾಗಿದ್ದರೆ ಚಂಗನೆ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಬಿದ್ದ ಮಗುವಿಗೆ ಏಳಲು ಮತ್ತೆ ಅದೇ ಕೈಗಳನ್ನು ಅದೇ ಕೆಂಡದ ಮೇಲೆ ಒತ್ತಬೇಕಾಗುತ್ತದೆ. ಅವಳನ್ನು ಎತ್ತಿಕೊಳ್ಳಲು ಅವಳ ತಾಯಿಗೆ ಹಿಡಿದದ್ದು ಮೂರೋ ನಾಲ್ಕೋ ಸೆಕೆಂಡು ಇರಬಹುದು. 60 ಡಿಗ್ರಿ ಸೆಲ್ಸಿಯಸ್ ಬಿಸಿ ವಯಸ್ಕರ ಚರ್ಮವನ್ನು ಆಳವಾಗಿ ಸುಡಲು ಸುಮಾರು ಐದು ಸೆಕೆಂಡು ಸಾಕು, 70 ಡಿಗ್ರಿಯಾದರೆ ಒಂದು ಸೆಕೆಂಡೂ ಬೇಡ. ಮಕ್ಕಳ ಚರ್ಮ ಅದಕ್ಕಿಂತ ತೆಳು. ಆ ಕುಣಿಯಲ್ಲಿದ್ದ ಬಿಸಿ ಇವೆರಡನ್ನೂ ಎಷ್ಟೋ ಮೀರಿತ್ತು.

ಈ ಮಾತನ್ನು ಬರೆಯಲು ನನಗೆ ಇಷ್ಟು ಕಾಲ ಬೇಕಾದದ್ದಕ್ಕೆ ಒಂದು ಕಾರಣವಿದೆ. ನಾನು ಭೋಸರಿಯ ಒಂದು ಎರಕದ ಕಾರ್ಖಾನೆಯಲ್ಲಿ 31 ವರ್ಷ ಕೆಲಸ ಮಾಡಿದವನು. ಸುಮಾರು 1,400 ಡಿಗ್ರಿಯ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದ ಮೇಲೆ ದೊಡ್ಡ ಎರಕಗಳನ್ನು ಮರುಪಾಳಿಯವರೆಗೂ, ಕೆಲವನ್ನು ಅದಕ್ಕಿಂತ ಹೆಚ್ಚು ಹೊತ್ತೂ, ಅದೇ ಮರಳಿನಲ್ಲಿ ಬಿಡುತ್ತಿದ್ದೆವು. ಏಕೆಂದರೆ ಮರಳು ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ, ಕಬ್ಬಿಣ ನಿಧಾನವಾಗಿ ಆರಿ ಬಿರುಕು ಬಿಡದೆ ಉಳಿಯುತ್ತದೆ. ಕಾರ್ಖಾನೆಯ ಮಾತು ಹಾಗಿರಲಿ, ನಮ್ಮ ಅವ್ವ ಪ್ರತಿ ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಹುಗಿದಿಟ್ಟು, ಬೆಳಿಗ್ಗೆ ಕೆದಕಿ ಊದುಗೊಳವೆಯಿಂದ ಊದಿ ಮತ್ತೆ ಬೆಂಕಿ ಮಾಡುತ್ತಿದ್ದಳು. ಕಡ್ಡಿಪೆಟ್ಟಿಗೆಯ ಕಡ್ಡಿ ಉಳಿಯಲೆಂದು. ಕೆಂಡವನ್ನು ಮರುದಿನದವರೆಗೆ ಕಾಪಾಡಬೇಕಾದರೆ ಏನು ಮಾಡುತ್ತಾರೋ ಅದನ್ನೇ ನಾನು ಬೆಂಕಿ ಆರಿಸುವ ಕ್ರಮವೆಂದು ತಿಳಿದು ಮಾಡಿದ್ದೆ. ಜ್ವಾಲೆಗೆ ಗಾಳಿ ಬೇಕು, ಮಣ್ಣು ಮುಚ್ಚಿದರೆ ಜ್ವಾಲೆ ಸಾಯುತ್ತದೆ. ಆದರೆ ಇದ್ದಿಲು ಮತ್ತು ಕುಳ್ಳು ತೀರಾ ಕಡಿಮೆ ಗಾಳಿಯಲ್ಲೂ ಒಳಗೊಳಗೇ ಕನಲುತ್ತವೆ, ಮೇಲಿನ ಮಣ್ಣು ಅವುಗಳ ಬಿಸಿಗೆ ಹೊದಿಕೆಯಾಗುತ್ತದೆ.

ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಮಕ್ಕಳ ಸುಟ್ಟಗಾಯಗಳಿಗೆ ಚಿಕಿತ್ಸೆ ನೀಡುವ ವೈದ್ಯರು 2000ರ ದಶಕದ ಆರಂಭದಲ್ಲಿ ಇದನ್ನೇ ಅಳತೆ ಮಾಡಿ ನೋಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಶಿಬಿರದ ಬೆಂಕಿಯಿಂದ ಸುಟ್ಟುಕೊಂಡು ಬಂದ ಮಕ್ಕಳಲ್ಲಿ ಹೆಚ್ಚಿನವರು ಉರಿಯುವ ಬೆಂಕಿಗೆ ಬಿದ್ದವರಲ್ಲ, ಆರಿದೆಯೆಂದು ದೊಡ್ಡವರು ಬಿಟ್ಟುಹೋದ ಬೂದಿಗೆ ಬಿದ್ದವರು. ಮರಳು ಮುಚ್ಚಿದ ಬೆಂಕಿಯೊಳಗೆ ಎಂಟು ಗಂಟೆಗಳ ನಂತರವೂ 100 ಡಿಗ್ರಿಗಿಂತ ಹೆಚ್ಚಿನ ಬಿಸಿಯಿತ್ತು. ನೀರು ಹಾಕಿ ಆರಿಸಿದ ಬೆಂಕಿ ಹತ್ತೇ ನಿಮಿಷದಲ್ಲಿ 50 ಡಿಗ್ರಿಗೆ ಇಳಿದಿತ್ತು. ರಾತ್ರಿ ಹನ್ನೊಂದಕ್ಕೆ ಒಂದು ಬಕೆಟ್ ನೀರು ಹಾಕೋಣವೇ ಎಂದು ಕೇಳಿದ ಹುಡುಗನ ಮಾತೇ ಸರಿಯಾಗಿತ್ತು.

ಆ ಬೆಳಿಗ್ಗೆ ನಡೆದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಒಬ್ಬರು ಟೂತ್‌ಪೇಸ್ಟ್ ತಂದರು, ಒಬ್ಬರು ಅರಿಶಿನ ಕಲಸಿದ ತುಪ್ಪ ತಂದರು, ಮತ್ತೊಬ್ಬರು ಫ್ರಿಜ್ಜಿನಿಂದ ಮಂಜುಗಡ್ಡೆ ತೆಗೆದರು. ಮಗುವಿನ ತಾಯಿ ಯಾರ ಮಾತನ್ನೂ ಕೇಳದೆ ಹಿತ್ತಲಿನ ನಲ್ಲಿ ಬಿಟ್ಟು, ಚೀರುತ್ತಿದ್ದ ಮಗುವಿನ ಕೈ ಕಾಲುಗಳನ್ನು ಹರಿಯುವ ನೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿದಳು. ಮೈಗೆ ಚಳಿಯಾಗದಂತೆ ಉಳಿದ ಭಾಗಕ್ಕೆ ಶಾಲು ಸುತ್ತಿದ್ದಳು. ಕೈಯಲ್ಲಿದ್ದ ಬಳೆಗಳನ್ನು ಬಾವು ಏರುವ ಮುನ್ನವೇ ತೆಗೆಸಿದಳು. ಸುಟ್ಟ ಚರ್ಮದ ಕೆಳಗೆ ಬಿಸಿ ಇನ್ನೂ ಆಳಕ್ಕೆ ಇಳಿಯುತ್ತಿರುತ್ತದೆ, ಅದನ್ನು ತಡೆಯುವುದು ಸಾಧಾರಣ ತಣ್ಣೀರು ಮಾತ್ರ. ಮಂಜುಗಡ್ಡೆ ರಕ್ತನಾಳಗಳನ್ನು ಸಂಕುಚಿಸಿ ಗಾಯವನ್ನು ಆಳ ಮಾಡುತ್ತದೆ. ತುಪ್ಪ ಮತ್ತು ಪೇಸ್ಟು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಆಸ್ಪತ್ರೆಯಲ್ಲಿ ಅವುಗಳನ್ನು ಉಜ್ಜಿ ತೆಗೆಯುವಾಗ ಮಗು ಎರಡನೆಯ ಸಲ ನರಳುತ್ತದೆ. ಸುಟ್ಟ ಮೂರು ಗಂಟೆಗಳ ಒಳಗಾಗಿ ಯಾವಾಗ ನೀರು ಹಾಕಿದರೂ ಪ್ರಯೋಜನವಿದೆಯೆಂದು ವೈದ್ಯರು ಹೇಳಿದರು. ನೀರಿನ ನಂತರ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯದೆ ಹೊದಿಸಿ ಅವಳನ್ನು ಕಾರಿನಲ್ಲಿ ನಗರಕ್ಕೆ ಕರೆತಂದೆವು. ವಾಹನವಿಲ್ಲದವರಿಗೆ ಮಹಾರಾಷ್ಟ್ರದಲ್ಲಿ 108 ಇದೆ.

ಎಡ ಅಂಗೈಯ ನಡುವೆ ಒಂದು ಕಡೆ ಚರ್ಮ ಬೆಳ್ಳಗೆ, ಒಣಗಿದ ತೊಗಲಿನಂತೆ ಇತ್ತು. ಅಲ್ಲಿ ಮುಟ್ಟಿದರೆ ಅವಳು ಅಳುತ್ತಿರಲಿಲ್ಲ. ನಾವು ಅದನ್ನು ಕಂಡು ಸ್ವಲ್ಪ ಸಮಾಧಾನಪಟ್ಟೆವು. ವೈದ್ಯರು ಹೇಳಿದ್ದು ಅದಕ್ಕೆ ತದ್ವಿರುದ್ಧ: ನೋವಿನ ನರಗಳೇ ಸುಟ್ಟುಹೋದ ಕಡೆ ನೋವಿರುವುದಿಲ್ಲ, ಅದೇ ಎಲ್ಲಕ್ಕಿಂತ ಆಳವಾದ ಗಾಯ. ಬಲಗೈ ಮತ್ತು ಪಾದ ಡ್ರೆಸ್ಸಿಂಗ್‌ನಲ್ಲೇ ಮೂರು ವಾರಗಳಲ್ಲಿ ಮಾಗಿದವು, ಎಡ ಅಂಗೈಗೆ ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು. ನಮಗೆ ಅಲ್ಲಿಯವರೆಗೆ ತಿಳಿಯದಿದ್ದ ಸಂಗತಿಯೆಂದರೆ, ಮಗು ಬೆಳೆಯುತ್ತದೆ, ಕಲೆ ಅದರ ಜೊತೆ ಬೆಳೆಯುವುದಿಲ್ಲ. ಬಿಗಿದ ಕಲೆ ಬೆರಳುಗಳನ್ನು ಒಳಕ್ಕೆ ಎಳೆದು ಮುಷ್ಟಿಯಾಗಿಸುತ್ತದೆ. ಅದಕ್ಕಾಗಿ ರಾತ್ರಿ ಬೆರಳುಗಳನ್ನು ಚಾಚಿ ಹಿಡಿಯುವ ಪಟ್ಟಿ, ಹಗಲು ಬಿಗಿಯಾದ ಒತ್ತುಗವಸು, ದಿನಕ್ಕೆ ಹಲವು ಸಲ ಎಣ್ಣೆ ಹಚ್ಚಿ ನೀವುವುದು, ಇವೆಲ್ಲ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದವು. ಮಾತು ಕಲಿಯುತ್ತಿದ್ದ ಮಗು ಮೊದಲು ಕಲಿತ ಮಾತುಗಳಲ್ಲಿ "ಗವಸು ಬ್ಯಾಡ" ಎಂಬುದೂ ಒಂದು. ಈಗ ಅವಳ ಬೆರಳುಗಳು ನೇರವಾಗಿವೆ, ಕಿರುಬೆರಳು ಮಾತ್ರ ತುಸು ಬಾಗಿದೆ.

ಆ ನಂತರ ಪುಣೆಯಲ್ಲಿ ನಾನು ಹೋದಲ್ಲೆಲ್ಲ ಬೆಂಕಿಯ ಸುತ್ತಲಿನದನ್ನೇ ನೋಡುತ್ತೇನೆ. ಬಂಗಲೆಗಳ ಹುಲ್ಲುಹಾಸಿನಲ್ಲಿ, ಕಟ್ಟಡಗಳ ಗಚ್ಚಿಯ ಮೇಲೆ ಈಗ ಲೋಹದ ಬೋಗುಣಿಯಂಥ ಬೆಂಕಿಕುಂಡಗಳು ಬಂದಿವೆ. ಅವುಗಳ ಅಂಚು ಬೆಂಕಿಯಷ್ಟೇ ಸುಡುತ್ತದೆ, ಬೆಂಕಿ ಆರಿದ ಮೇಲೂ ಬಹಳ ಹೊತ್ತು ಬಿಸಿಯಿರುತ್ತದೆ. ಕಟ್ಟಡದಿಂದ, ಮರದ ಕೊಂಬೆಯಿಂದ, ಶಾಮಿಯಾನದಿಂದ ಕನಿಷ್ಠ 3 ಮೀಟರ್ ದೂರವಿರಬೇಕಾದದ್ದು ಬಾಲ್ಕನಿಯ ಮೂಲೆಯಲ್ಲಿ ಇರುತ್ತದೆ. ಕುಂಡದ ಸುತ್ತ ಚೆಂದಕ್ಕೆಂದು ನದಿಯ ಉರುಟು ಕಲ್ಲುಗಳನ್ನು ಜೋಡಿಸುವವರೂ ಇದ್ದಾರೆ. ನಮ್ಮ ದಖನ್ನಿನ ಕರಿಕಲ್ಲಿನಲ್ಲಿ ಹಲವು ಕಡೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ನೀರಿನಲ್ಲಿದ್ದ ಕಲ್ಲು ಅವುಗಳಲ್ಲಿ ನೀರು ಹಿಡಿದಿರುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಹೊರಬರಲು ದಾರಿಯಿಲ್ಲದಿದ್ದರೆ ಕಲ್ಲು ಸಿಡಿಯುತ್ತದೆ. ಹಸಿ ಉಳಿದ ಅಚ್ಚಿಗೆ ಕಬ್ಬಿಣ ಸುರಿದಾಗ ಏನಾಗುತ್ತದೆಂದು ಕಣ್ಣಾರೆ ಕಂಡ ನನಗೆ ಆ ಕಲ್ಲುಗಳ ಎದುರು ಕುಳಿತುಕೊಳ್ಳಲು ಆಗುವುದಿಲ್ಲ.

ಮೇಜಿನ ಮೇಲಿಡುವ, ಸ್ಪಿರಿಟ್ ಅಥವಾ ಎಥೆನಾಲ್ ಸುರಿದು ಹೊತ್ತಿಸುವ ಪುಟ್ಟ ಕುಂಡಗಳು ಇನ್ನೂ ಕೆಟ್ಟವು. ಹಗಲಿನಲ್ಲಿ ಆ ಜ್ವಾಲೆ ಬಹುತೇಕ ಕಾಣುವುದೇ ಇಲ್ಲ. ಆರಿತೆಂದು ತಿಳಿದು ಬಾಟಲಿಯಿಂದ ಮತ್ತೆ ಸುರಿದರೆ ಬೆಂಕಿ ಸುರಿಯುತ್ತಿರುವ ಧಾರೆಯನ್ನು ಹಿಡಿದು ಬಾಟಲಿಯೊಳಕ್ಕೆ ಹೋಗಿ, ಒಳಗಿನ ದ್ರವವನ್ನು ಉರಿಯುವ ಚಿಲುಮೆಯಾಗಿ ಎದುರು ಕುಳಿತವರ ಮೇಲೆ ಚಿಮ್ಮಿಸುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2024ರ ಡಿಸೆಂಬರ್‌ನಲ್ಲಿ ಇಂಥ ಕುಂಡಗಳ ಬಳಕೆಯನ್ನೂ ಮಾರಾಟವನ್ನೂ ನಿಲ್ಲಿಸಬೇಕೆಂದು ಎಚ್ಚರಿಸಿತು. 2019ರಿಂದ ಅವುಗಳಿಂದ ಅಲ್ಲಿ ಇಬ್ಬರು ಸತ್ತು, ಕನಿಷ್ಠ 60 ಜನ ಗಾಯಗೊಂಡಿದ್ದರು. ಹಸಿ ಕಟ್ಟಿಗೆ ಹೊತ್ತಲಿಲ್ಲವೆಂದು ಬೈಕಿನಿಂದ ಪೆಟ್ರೋಲ್ ತೆಗೆದು ಸುರಿಯುವುದೂ ಅದೇ ಬಗೆಯ ಅಪಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಡಿ ಸುರಿದವರ ಕಾಲ ಬುಡಕ್ಕೆ ಬಂದಿರುತ್ತದೆ, ಕಡ್ಡಿ ಗೀರಿದ ಕ್ಷಣ ಅವರೇ ಬೆಂಕಿಯ ನಡುವೆ ಇರುತ್ತಾರೆ. ಪವನಾ ಕೆರೆಯ ದಂಡೆಯಲ್ಲಿ ಡೇರೆ ಹಾಕುವ ಹುಡುಗರಿಗೆ ಇನ್ನೊಂದು ಮಾತು: ಚಳಿಯೆಂದು ಕೆಂಡದ ಬುಟ್ಟಿಯನ್ನು ಡೇರೆಯೊಳಗೆ ಒಯ್ಯಬೇಡಿ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸು ಮತ್ತೆ ಬೂದಿಯ ಕಡೆಗೇ ಹೋಗುತ್ತದೆ, ಏಕೆಂದರೆ ಉರಿಯುವ ಬೆಂಕಿಯ ಬಳಿ ಯಾರಾದರೂ ಒಬ್ಬರು ಮಗುವನ್ನು ನೋಡಿಕೊಳ್ಳುತ್ತಲೇ ಇರುತ್ತಾರೆ, ಬೂದಿಯ ಬಳಿ ಯಾರೂ ಇರುವುದಿಲ್ಲ. ಹೋಳಿ ಹುಣ್ಣಿಮೆಯ ರಾತ್ರಿ ನಮ್ಮ ಸೊಸೈಟಿಯ ಅಂಗಳದಲ್ಲಿ ಕಟ್ಟಿಗೆ ಮತ್ತು ಕುಳ್ಳು ಒಟ್ಟಿ ಸುಡುತ್ತಾರೆ, ಹೋಳಿಗೆಯ ನೈವೇದ್ಯ ಕೊಡುತ್ತಾರೆ, ಹತ್ತು ಗಂಟೆಗೆ ಎಲ್ಲರೂ ಮನೆಗೆ ಹೋಗುತ್ತಾರೆ. ಮರುದಿನ ಧುಳವಡ, ಅಂದರೆ ಬಣ್ಣದಾಟದ ದಿನ, ದೊಡ್ಡವರು ಏಳುವ ಮೊದಲೇ ಮಕ್ಕಳು ಅದೇ ಅಂಗಳಕ್ಕೆ ಇಳಿಯುತ್ತಾರೆ. ಊರಲ್ಲಿ ಕಾಮಣ್ಣನನ್ನು ಸುಟ್ಟ ಮರುದಿನ ನಾವೂ ಹಾಗೆಯೇ ಓಡಾಡಿದವರು, ಆದರೆ ಓಣಿಯ ಹಿರಿಯರು ಆ ಬೆಂಕಿಯನ್ನು ಮನೆಗೊಯ್ಯಲು ಬೆಳಗಿನ ಜಾವದಿಂದಲೇ ಅದರ ಸುತ್ತ ಇರುತ್ತಿದ್ದರು.

ಆದ್ದರಿಂದ ಹಿಂದಿನ ಎರಡು ವರ್ಷಗಳಿಂದ ಹೋಳಿಯ ರಾತ್ರಿ ಕೊನೆಗೆ ಉಳಿಯುವ ಕೆಲಸವನ್ನು ನಾನು ಕೇಳಿ ಪಡೆದುಕೊಂಡಿದ್ದೇನೆ. ತೋಟದ ನಲ್ಲಿಯಿಂದ ಉದ್ದನೆಯ ಪೈಪು ಎಳೆದು, ಆವಿ ಮುಖಕ್ಕೆ ರಾಚದಂತೆ ದೂರ ನಿಂತು, ಅಂಚಿನಿಂದ ನಡುವಿಗೆ ನಿಧಾನವಾಗಿ ನೀರು ಬಿಡುತ್ತೇನೆ. ವಾಚ್‌ಮನ್ ಉದ್ದನೆಯ ಸಲಾಕೆಯಿಂದ ಬೂದಿಯನ್ನು ತಳದವರೆಗೆ ಕೆದಕುತ್ತಾನೆ, ಸುಯ್ ಎಂಬ ಸದ್ದು ಬಂದ ಕಡೆ ಮತ್ತೆ ನೀರು ಬಿಡುತ್ತೇನೆ. ಸದ್ದು ನಿಂತ ಮೇಲೆ ಅಂಗೈಯ ಹಿಂಭಾಗವನ್ನು ಮೊದಲು ಮೇಲೆ ಹಿಡಿದು, ಆಮೇಲೆ ಬೂದಿಗೆ ಮುಟ್ಟಿಸಿ ನೋಡುತ್ತೇನೆ. ಕಳೆದ ವರ್ಷ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಅಂಗಳವೆಲ್ಲ ರಾಡಿಯಾಗಿತ್ತು.