"ಯಾವ ಫ್ಲ್ಯಾಶ್ ತಗೊಳ್ಳಲಿ?" ಅಂತ ಕೇಳುವವರಿಗೆ

ಮನೆಯವರ, ನೆಂಟರಿಷ್ಟರ ಮುಖಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ. ದುಡಿಮೆ ಬೇರೆ ಇದೆ. ಇದು ರಜೆ ದಿನದ ಹುಚ್ಚು. ಆ ಫೋಟೋ ನೋಡಿದವರಲ್ಲಿ ಕ್ಯಾಮೆರಾ ಇರುವವರು ಕೇಳುವುದು ಒಂದೇ ಪ್ರಶ್ನೆ: "ಯಾವ ಫ್ಲ್ಯಾಶ್ ತಗೊಳ್ಳಲಿ?" ಬ್ರ್ಯಾಂಡ್ ಹೆಸರು, ಮಾಡೆಲ್ ನಂಬರ್ ಹೇಳಿಬಿಡುತ್ತಾನೆ, ಇವತ್ತೇ ಆರ್ಡರ್ ಮಾಡೋಣ ಅಂತ ಕಾಯುತ್ತಿರುತ್ತಾರೆ.

ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಮ್ಮ ಕ್ಯಾಮೆರಾಗೆ ಹೊಂದಬೇಕು, ಪವರನ್ನು ಕೈಯಾರೆ ಹೆಚ್ಚು ಕಡಿಮೆ ಮಾಡಲು ಬರಬೇಕು. ಅಷ್ಟಿದ್ದರೆ ಯಾವುದಾದರೂ ಆದೀತು. ಆದರೆ ಒಂದೇ ತಗೊಳ್ಳಿ. ಉಳಿದ ದುಡ್ಡಲ್ಲಿ ದೂರದಲ್ಲಿಟ್ಟ ಫ್ಲ್ಯಾಶನ್ನು ಕ್ಯಾಮೆರಾದಿಂದಲೇ ಹೊಡೆಸುವ ರೇಡಿಯೋ ಟ್ರಿಗರ್, ಒಂದು ಸ್ಟ್ಯಾಂಡ್, ಒಂದು ಬಿಳಿ ಛತ್ರಿ ತಗೊಳ್ಳಿ. ಫ್ಲ್ಯಾಶ್ ಕ್ಯಾಮೆರಾದ ತಲೆ ಮೇಲಿಂದ ಕೆಳಗಿಳಿಯದಿದ್ದರೆ ಎಷ್ಟು ದುಬಾರಿಯದ್ದಾದರೂ ಅಷ್ಟಕ್ಕಷ್ಟೆ.

ತಲೆ ಮೇಲೆ ಕೂತ ಫ್ಲ್ಯಾಶ್ ಮಾಡುವ ಕೆಲಸ ಎಲ್ಲರಿಗೂ ಗೊತ್ತು. ಮುಖ ಚಪ್ಪಟೆ, ಹಣೆ ಮೇಲೆ ಎಣ್ಣೆ ಹೊಳಪು, ಹಿಂದಿನ ಗೋಡೆಗೆ ಅಂಟಿದ ಕರಿ ನೆರಳು. ಲೆನ್ಸ್ ಇರುವ ಕಡೆಯಿಂದಲೇ ಬೆಳಕು ಬಂದರೆ ಮೂಗಿನ ನೆರಳು ಮೂಗಿನ ಹಿಂದೆಯೇ ಅಡಗುತ್ತದೆ. ನೆರಳು ಕಾಣದಿದ್ದರೆ ಮೂಗು ಎಷ್ಟು ಉದ್ದ, ಕೆನ್ನೆ ಎಲ್ಲಿ ಇಳಿಯಿತು ಅನ್ನುವುದು ಫೋಟೋದಲ್ಲಿ ತಿಳಿಯುವುದೇ ಇಲ್ಲ. ಇಷ್ಟು ನೋಡಿ "ಫ್ಲ್ಯಾಶ್ ಹಾಕಿದ್ರೆ ಫೋಟೋ ಕೆಡುತ್ತೆ" ಅಂತ ಎಷ್ಟೋ ಜನ ಅದನ್ನು ಬೀರುವಿಗೆ ಸೇರಿಸುತ್ತಾರೆ.

ಜಗನ್ಮೋಹನ ಅರಮನೆಯ ಚಿತ್ರಶಾಲೆಯ ದೀಪದ ಹೆಣ್ಣಿನ ಚಿತ್ರ ನೋಡದ ಮೈಸೂರಿನವರು ಕಡಿಮೆ. ಈಗಲೂ ಅದನ್ನು ರವಿವರ್ಮನದು ಅನ್ನುವವರಿದ್ದಾರೆ. ಬರೆದವರು ಎಸ್. ಎಲ್. ಹಲ್ದಂಕರ್, 1940ರ ದಶಕದಲ್ಲಿ, ಅದೂ ಜಲವರ್ಣದಲ್ಲಿ. ರೂಪದರ್ಶಿ ಅವರ ಮಗಳೇ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ತೂರಿ ಬರುತ್ತದೆ. ಚಿತ್ರದಲ್ಲಿರುವ ಬೆಳಕೆಲ್ಲ ಆ ಒಂದು ದೀಪದ್ದು. ಮುಖಕ್ಕೆ ಎಷ್ಟು, ಸೀರೆಗೆ ಎಷ್ಟು, ಎಲ್ಲಿ ಕತ್ತಲಿಗೆ ಬಿಟ್ಟಿದ್ದಾರೆ ಅಂತ ನೋಡುತ್ತಾ ಹೋಗಿ. ಪೋರ್ಟ್ರೇಟ್ ಕಲಿಯುವವರಿಗೆ ನಾನು ಮೊದಲು ತೋರಿಸುವುದು ಈ ಚಿತ್ರವನ್ನೇ. ಒಂದು ದೀಪಕ್ಕೆ ಇಷ್ಟೆಲ್ಲ ಆಗುವಾಗ ನಮಗೆ ಮೂರು ಫ್ಲ್ಯಾಶ್ ಯಾಕೆ ಅಲ್ವಾ?

ಇನ್ನು ಛತ್ರಿ ಯಾಕೆ ಅಂದರೆ, ಫ್ಲ್ಯಾಶ್‌ನ ಮೂತಿ ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರಬಹುದು, ಅಷ್ಟೆ. ಚಿಕ್ಕ ಜಾಗದಿಂದ ಬಂದ ಬೆಳಕಿನ ನೆರಳು ಕತ್ತರಿಸಿದ ಹಾಗೆ ಬೀಳುತ್ತದೆ. ಅದೇ ಬೆಳಕು ಬಿಳಿ ಛತ್ರಿಯ ಬಟ್ಟೆ ತುಂಬಾ ಹರಡಿಕೊಂಡು ಬಂದರೆ ನೆರಳಿನ ಅಂಚು ಕರಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಮುಖ ಹೇಗೆ ಕಾಣುತ್ತದೆ, ಆಷಾಢದ ಮೋಡದಡಿ ಹೇಗೆ ಕಾಣುತ್ತದೆ, ನೆನಪಿಸಿಕೊಳ್ಳಿ. ಸೂರ್ಯ ಅದೇ. ನಡುವೆ ಮೋಡ ಬಂದು ಬೆಳಕು ದೊಡ್ಡದಾಯಿತು.

ಈ ದೊಡ್ಡದು ಅನ್ನುವುದು ಮುಖದ ಲೆಕ್ಕದಲ್ಲಿ. ಅದೇ ಛತ್ರಿಯನ್ನು ಹಾಲ್‌ನ ಆ ಮೂಲೆಗೆ ಒಯ್ದು ಇಟ್ಟರೆ ಮುಖಕ್ಕೆ ಅದು ಚಿಕ್ಕದೇ. ಹೊಸಬರು ಬೆಳಕು ಜಾಸ್ತಿ ಆಯಿತು ಅನ್ನಿಸಿದ ಕೂಡಲೇ ಸ್ಟ್ಯಾಂಡನ್ನು ದೂರ ಸರಿಸುತ್ತಾರೆ. ಸರಿಸಬೇಡಿ, ಪವರ್ ಇಳಿಸಿ. ಛತ್ರಿ ಫೋಟೋದ ಅಂಚಿನಲ್ಲಿ ಇಣುಕುವಷ್ಟು ಹತ್ತಿರ ಬರಲಿ.

ಹತ್ತಿರ ತಂದರೆ ಇನ್ನೊಂದು ಲಾಭ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಇವತ್ತಿಗೂ ಮಜಾ ಕೊಡುವ ಲೆಕ್ಕ ಇದು. ಬೆಳಕಿನಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಛತ್ರಿಯಿಂದ ಮುಖ 3 ಅಡಿ, ಗೋಡೆ 9 ಅಡಿ ಇದೆ ಅನ್ನಿ. ಮುಖಕ್ಕೆ ಸರಿಯಾಗಿ ಬೆಳಕು ಕೊಟ್ಟರೆ ಗೋಡೆಗೆ ಸಿಗುವುದು ಒಂಬತ್ತರಲ್ಲಿ ಒಂದು ಪಾಲು. ಕೆನೆ ಬಣ್ಣದ ಗೋಡೆ ಫೋಟೋದಲ್ಲಿ ಕಡು ಬೂದಿಯಾಗುತ್ತದೆ. ಈಗ ಛತ್ರಿಯನ್ನು ಮುಖದಿಂದ 9 ಅಡಿ ದೂರಕ್ಕೆ ಸರಿಸಿ ಇಡಿ, ಗೋಡೆ 15 ಅಡಿ ಆಯಿತು. ಗೋಡೆಗೆ ಈಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳಕು. ಕ್ಯಾಲೆಂಡರ್, ಸ್ವಿಚ್ ಬೋರ್ಡ್ ಎಲ್ಲ ಕಾಣುತ್ತದೆ. ಕೂತವರು ಕದಲಲಿಲ್ಲ, ಗೋಡೆಗೆ ಬಣ್ಣ ಹೊಡೆಯಲಿಲ್ಲ. ಕಪ್ಪು ಪರದೆ ಬಾಡಿಗೆಗೆ ತರುವ ಮುಂಚೆ ಇದನ್ನು ಮಾಡಿ ನೋಡಿ.

"ಛತ್ರಿ ಎಲ್ಲ ಯಾಕೆ, ಸೀಲಿಂಗ್‌ಗೆ ಬೌನ್ಸ್ ಮಾಡಿದ್ರೆ ಸಾಕಲ್ವಾ?" ಅನ್ನುವವರಿದ್ದಾರೆ. ಹೊಸ ಅಪಾರ್ಟ್‌ಮೆಂಟಿನ ತಗ್ಗು ಬಿಳಿ ಸೀಲಿಂಗ್‌ಗೆ ಸರಿ. ಅಗ್ರಹಾರದ ಕಡೆಯ ಹಳೇ ಮನೆಯಲ್ಲಿ ಮೇಲಿರುವುದು ಕಪ್ಪು ತೊಲೆ ಇಲ್ಲವೇ ಹೆಂಚು. ಹೋದ ಬೆಳಕು ವಾಪಸ್ ಬರುವುದಿಲ್ಲ. ಗೋಡೆಗೆ ಬೌನ್ಸ್ ಮಾಡೋಣ ಅಂದರೆ ನಮ್ಮವರಿಗೆ ತಿಳಿ ಹಸಿರು ಪೇಂಟ್ ಅಂದರೆ ಪ್ರಾಣ. ಮದುಮಗಳ ಕೆನ್ನೆಯೂ ಹಸಿರಾಗುತ್ತದೆ.

ಶಟರ್ ವಿಷಯಕ್ಕೆ ಬರೋಣ, ಅಂದರೆ ಬೆಳಕು ಒಳಗೆ ಬರಲು ಕ್ಯಾಮೆರಾ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು. ಗೊಂದಲ ಆಗುವುದು ಇಲ್ಲೇ. ಫ್ಲ್ಯಾಶ್ ಬೆಳಗಿ ಆರುವುದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು ಸಾಕು, ಪವರ್ ಕಡಿಮೆ ಮಾಡಿದರೆ ಇನ್ನೂ ಕಡಿಮೆ. ಹಾಗಾಗಿ ಶಟರ್ 1/60 ಸೆಕೆಂಡ್ ಇರಲಿ, 1/15 ಇರಲಿ, ಫ್ಲ್ಯಾಶ್‌ನ ಬೆಳಕು ಬದಲಾಗುವುದಿಲ್ಲ. ಬದಲಾಗುವುದು ಅಲ್ಲಿ ಮೊದಲೇ ಇದ್ದ ಬೆಳಕು. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು) ಮಾತ್ರ ಫ್ಲ್ಯಾಶ್‌ನ ಬೆಳಕು, ಅಲ್ಲಿದ್ದ ಬೆಳಕು ಎರಡಕ್ಕೂ ತಟ್ಟುತ್ತವೆ. ಶಟರನ್ನು ತುಂಬಾ ವೇಗ ಮಾಡಲೂ ಆಗದು. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಫೋಟೋದ ಒಂದು ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಫ್ಲ್ಯಾಶ್ ಕೆಟ್ಟಿಲ್ಲ, ಶಟರಿನ ಪರದೆ ಅಡ್ಡ ಬಂದಿದೆ.

ಇದನ್ನು ಕಲಿಯಲು ಭಾನುವಾರ ಸಂಜೆಯ ಮೈಸೂರು ಅರಮನೆಗಿಂತ ಒಳ್ಳೆಯ ಜಾಗ ಇಲ್ಲ. ಸುಮಾರು ಒಂದು ಲಕ್ಷ ಬಲ್ಬು ಹಿಂದೆ ಉರಿಯುತ್ತಿರುತ್ತವೆ. ಅರಮನೆ ಮುಂದೆ ಜನ ಒಬ್ಬರನ್ನೊಬ್ಬರು ನಿಲ್ಲಿಸಿ ಫ್ಲ್ಯಾಶ್ ಹೊಡೆಯುತ್ತಾರೆ. ಮುಖ ಸುಣ್ಣ, ಅರಮನೆ ಮಂಕು. ನೀವು ಮೊದಲು ಫ್ಲ್ಯಾಶ್ ಆಫ್ ಮಾಡಿ, ಬಲ್ಬುಗಳು ಚೆನ್ನಾಗಿ ಬರುವಷ್ಟು ಶಟರ್ ನಿಧಾನ ಮಾಡಿಕೊಳ್ಳಿ. ಮುಖ ಕಪ್ಪಗಿದ್ದರೆ ಇರಲಿ. ಆಮೇಲೆ ಫ್ಲ್ಯಾಶನ್ನು 1/32 ಪವರ್‌ನಲ್ಲಿ ಶುರು ಮಾಡಿ ಮುಖಕ್ಕೆ ಬೇಕಾದಷ್ಟೇ ಸೇರಿಸಿ. ಫ್ಲ್ಯಾಶ್‌ನ ಬೆಳಕು ಹಗಲಿನ ಬಿಳಿ, ಅರಮನೆಯದು ಹೊಂಬಣ್ಣ. ಹಾಗೇ ತೆಗೆದರೆ ನಿಮ್ಮವರು ನೀಲಿಗಟ್ಟಿದ ಮುಖದಲ್ಲಿ ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗಿರುತ್ತಾರೆ. ಫ್ಲ್ಯಾಶ್ ಮೂತಿಗೆ ಒಂದು ಕಿತ್ತಳೆ ಬಣ್ಣದ ಜೆಲ್, ಅಂದರೆ ಬೆಳಕು ತೂರುವ ತೆಳು ಪ್ಲಾಸ್ಟಿಕ್ ಹಾಳೆ ಹಚ್ಚಿ, ಬಣ್ಣ ಸರಿಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಗುರುತಿಗೆ ತಿರುಗಿಸಿ.

ಟಿಟಿಎಲ್, ಅಂದರೆ ಫ್ಲ್ಯಾಶ್‌ನ ಪವರನ್ನು ಕ್ಯಾಮೆರಾವೇ ಅಳೆದು ನಿರ್ಧರಿಸುವ ವ್ಯವಸ್ಥೆ, ಬೇಡವಾ ಅಂತ ಕೇಳಬಹುದು. ಓಡಾಡುವ ಮಕ್ಕಳಿಗೆ, ಮದುವೆ ಮನೆಗೆ ಬೇಕು. ಕಲಿಯುವಾಗ ಬೇಡ.

ಕಲಿಯುವಾಗ ನಿಜಕ್ಕೂ ಬೇಕಾದದ್ದು ಅಲುಗಾಡದೆ ಕೂರುವ ಒಂದು ಮುಖ. ನನಗೆ ದೊಡ್ಡಮ್ಮ ಸಿಕ್ಕರು. ಮೊದಲ ದಿನ ಹಾಲ್‌ನಲ್ಲಿ ಛತ್ರಿ ಬಿಚ್ಚಿದಾಗ ಮೇಲೆ ನೋಡಿ, "ಏನೋ ಇದು, ಮನೆ ಸೋರ್ತಿದ್ಯಾ?" ಅಂದರು. ಈಗ ಅವರೇ "ಆ ಕಡೆ ಇಡು, ಮೂಗುಬಟ್ಟು ಹೊಳೆಯೋದು ಆ ಕಡೆಯಿಂದ್ಲೇ" ಅನ್ನುತ್ತಾರೆ. ಸರಿಯಾಗೇ ಹೇಳುತ್ತಾರೆ. ಛತ್ರಿಯನ್ನು ಅವರ ಎಡಕ್ಕೆ, ಕಣ್ಣಿನ ಮಟ್ಟಕ್ಕಿಂತ ಮೇಲೆ ಇಟ್ಟರೆ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಪುಟ್ಟ ತ್ರಿಕೋನ ಮೂಡುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಲ್ಲಿ ಕರೆಯುವುದು ಇದನ್ನೇ. ನೆರಳು ಜಾಸ್ತಿ ಕಂಡರೆ ಬಲಕ್ಕೆ ಒಂದು ಥರ್ಮಾಕೋಲ್ ಶೀಟ್. ಅದನ್ನು ಒಂದು ಗೇಣು ಹತ್ತಿರ ತಂದರೂ ನೆರಳು ತಿಳಿಯಾಗುವುದು ಕಾಣುತ್ತದೆ.

ಕಷ್ಟ ಇರುವುದು ಅವರ ಕನ್ನಡಕದಲ್ಲಿ. ಎರಡು ಗಾಜಿನಲ್ಲೂ ಎರಡು ಛತ್ರಿ ಕೂತುಬಿಡುತ್ತದೆ. ಛತ್ರಿಯನ್ನು ಇನ್ನಷ್ಟು ಮೇಲೆತ್ತಬೇಕು. ಆಗಲೂ ಹೋಗದಿದ್ದರೆ, "ದೊಡ್ಡಮ್ಮ, ಗಲ್ಲ ಸ್ವಲ್ಪ ಇಳಿಸಿ." ಇನ್ನೂ ಉಳಿದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿ. ಗಾಜು ಕೆಳಕ್ಕೆ ವಾಲುತ್ತದೆ, ಛತ್ರಿ ಮಾಯ, ಕಣ್ಣು ಕಾಣುತ್ತದೆ.

ನೆಂಟರು ಹಿಂದಿನಿಂದ "ಸ್ವಲ್ಪ ಬೆಳ್ಳಗೆ ಬರ್ಲಿ" ಅನ್ನುತ್ತಾರೆ. ಆ ಮಾತಿಗೆ ನಾನು ಕಿವುಡ. ಪವರ್ ಏರಿಸಿದರೆ ಬಣ್ಣ ಬಿಳುಪಾಗುವುದಿಲ್ಲ, ಚರ್ಮದ ವಿವರ ಅಳಿಸಿಹೋಗುತ್ತದೆ, ಅಷ್ಟೆ. ಕಂದು ಚರ್ಮದ ಮೇಲೆ ದೊಡ್ಡ ಬೆಳಕು ಬಿದ್ದಾಗ ಕೆನ್ನೆಮೂಳೆ, ಹಣೆಗಳ ಮೇಲೆ ಬರುವ ಮೆಲ್ಲನೆಯ ಹೊಳಪು ಎಷ್ಟು ಚೆಂದ! ಬೆವರನ್ನು ಮಾತ್ರ ಟವೆಲಲ್ಲಿ ಒತ್ತಿ ತೆಗೆಯಿರಿ, ಪೌಡರ್ ಬೇಡ.

ಒಂದೆರಡು ಚಿಲ್ಲರೆ ಮಾತು. ರೀಚಾರ್ಜ್ ಆಗುವ ಸೆಲ್ ಹಾಕಿ, ಫ್ಲ್ಯಾಶ್ ಬೇಗ ಮತ್ತೆ ತಯಾರಾಗುತ್ತದೆ. ಹೊರಗೆ, ಅದರಲ್ಲೂ ಬೆಟ್ಟದ ಮೇಲೆ, ಛತ್ರಿ ಬಿಚ್ಚುವುದಾದರೆ ಬಟ್ಟೆ ಚೀಲದಲ್ಲಿ ಎರಡು ಇಟ್ಟಿಗೆ ಹಾಕಿ ಸ್ಟ್ಯಾಂಡಿನ ಕಾಲಿಗೆ ನೇತುಹಾಕಿ. ಮಾವನ ಕಾಲದ ಫ್ಲ್ಯಾಶ್ ಅಟ್ಟದ ಮೇಲೆ ಸಿಕ್ಕಿತು ಅಂತ ಕ್ಯಾಮೆರಾಗೆ ಸಿಕ್ಕಿಸಬೇಡಿ. ಹಳೆಯ ಕೆಲವು ಫ್ಲ್ಯಾಶ್‌ಗಳ ಪಿನ್ನಿನಲ್ಲಿ 200 ವೋಲ್ಟ್‌ಗೂ ಜಾಸ್ತಿ ಇರುತ್ತದೆ, ಡಿಜಿಟಲ್ ಕ್ಯಾಮೆರಾ ಸುಟ್ಟೇ ಹೋಗಬಹುದು. ಮೊದಲು ಮೀಟರ್ ಹಿಡಿದು ನೋಡುವವರ ಹತ್ತಿರ ಕೊಡಿ.

ಎರಡನೇ ಫ್ಲ್ಯಾಶ್ ಯಾವಾಗ? ನಮ್ಮವರ ಕೂದಲು ಕಪ್ಪು. ಗೋಡೆ ಕಪ್ಪಾಗುವ ಹಾಗೆ ಬೆಳಕು ಕೊಡಲು ಬಂದ ದಿನವೇ ಜಡೆಯೂ ತಲೆಯೂ ಗೋಡೆಯೊಳಗೆ ಕರಗಿ ಹೋಗಿರುತ್ತವೆ. ಹಿಂದಿನಿಂದ ಕೂದಲಂಚಿಗೆ ಒಂದು ಗೆರೆ ಬೆಳಕು ಬೇಕು ಅಂತ ಆಗ ನಿಮಗೇ ಅನ್ನಿಸುತ್ತದೆ. ಅದಕ್ಕೂ ಕೂಡಲೇ ದುಡ್ಡು ಹಾಕಬೇಕಿಲ್ಲ. ಕುರ್ಚಿಯನ್ನು ತಿರುಗಿಸಿ ಕಿಟಕಿಗೆ ಓರೆಯಾಗಿ ಬೆನ್ನು ಬರುವ ಹಾಗೆ ಕೂರಿಸಿ. ಕಿಟಕಿ ಕೂದಲಿಗೆ, ಛತ್ರಿ ಮುಖಕ್ಕೆ. ಕಿಟಕಿಯದು ಜಾಸ್ತಿಯಾದರೆ ಶಟರ್ ವೇಗ ಮಾಡಿ, ಕಡಿಮೆಯಾದರೆ ನಿಧಾನ ಮಾಡಿ. ಕತ್ತಲಾದ ಮೇಲೂ ಅದೇ ಬೆಳಕು ಬೇಕು ಅನ್ನಿಸಿದರೆ ಬಂದು ಕೇಳಿ, ಆಗ ಮಾಡೆಲ್ ನಂಬರ್ ಹೇಳುತ್ತೇನೆ.